ಲಿಗಮೆಂಟ್ ಶಸ್ತ್ರಚಿಕಿತ್ಸೆಯ ಬಳಿಕ ಮೊಣಕಾಲ ಚಿಪ್ಪಿನ ಆರೈಕೆ

ಕುಂಬಳೆ, ಬದಿಯಡ್ಕ ಕಡೆಯ ಕಬಡ್ಡಿ ಆಟಗಾರರಾಗಲಿ, ದಿಗಿಣ ಹಾರುವಾಗ ಕಾಲು ತಿರುಚಿಕೊಂಡ ಯಕ್ಷಗಾನ ಕಲಾವಿದರಾಗಲಿ, ಮಂಗಳೂರಿಗೆ ಹೋಗಿ ಎಸಿಎಲ್ (ಮೊಣಕಾಲ ಕೀಲಿನೊಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಲಿಗಮೆಂಟ್) ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಮೇಲೆ ಹೊಲಿಗೆಯ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಮೊಣಕಾಲ ಚಿಪ್ಪಿನ ಬಗ್ಗೆ ವಹಿಸುವುದಿಲ್ಲ. ಹರಿದದ್ದು ಕೀಲಿನೊಳಗಿನ ಲಿಗಮೆಂಟಾದರೂ ತಿಂಗಳುಗಟ್ಟಲೆ ಕಾಡುವ ನೋವು ಅನೇಕರಿಗೆ ಚಿಪ್ಪಿನ ಸುತ್ತಲೇ ಇರುತ್ತದೆ.

ಹರಿದದ್ದರ ಬದಲು ಕೂರಿಸುವ ಹೊಸ ಲಿಗಮೆಂಟಿಗೆ ಬೇಕಾದ ರಜ್ಜುವನ್ನು (ಸ್ನಾಯುವನ್ನು ಎಲುಬಿಗೆ ಜೋಡಿಸುವ ನಾರಿನ ಪಟ್ಟಿ) ಎಲ್ಲಿಂದ ತೆಗೆಯುತ್ತಾರೆಂದು ವೈದ್ಯರಲ್ಲಿ ಮೊದಲೇ ಕೇಳಿ. ಚಿಪ್ಪಿನ ಕೆಳಗಿನ ರಜ್ಜುವಿನಿಂದಾದರೆ, ಅದರ ನಡುವಿನ ಸುಮಾರು 10 ಮಿಲಿಮೀಟರ್ ಅಗಲದ ಪಟ್ಟಿಯೊಂದಿಗೆ ಚಿಪ್ಪಿನ ಎಲುಬಿನ ಸಣ್ಣ ತುಂಡನ್ನೂ ತೆಗೆಯುತ್ತಾರೆ. ಆದ್ದರಿಂದ ಮೊಣಕಾಲೂರುವಾಗ ನೋವು ಉಳಿಯುವ ಸಂಭವ ಹೆಚ್ಚು, ಅಪರೂಪಕ್ಕೆ ಚಿಪ್ಪು ಮುರಿಯುವುದೂ ಉಂಟು. ತೊಡೆಯ ಹಿಂಭಾಗದ ರಜ್ಜುವನ್ನು ಬಳಸಿದರೆ ಈ ನೋವು ಸಾಮಾನ್ಯವಾಗಿ ಕಡಿಮೆ. ತಳೆ ಹಾಕಿ ಅಡಿಕೆ ಮರ ಹತ್ತುವವರು, ದಿನವೂ ಮೊಣಕಾಲೂರಿ ನಮಾಜು ಮಾಡುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಆಯ್ಕೆ ಅದರ ಮೇಲೂ ನಿಂತಿದೆ.

ಮನೆಗೆ ಬಂದ ಮೇಲೆ ಮೊಣಕಾಲಿನ ಅಡಿಗೆ ದಿಂಬು ಇಡಬೇಡಿ. ಹಾಯೆನಿಸುತ್ತದೆಂದು ಮನೆಯವರು ಪ್ರೀತಿಯಿಂದ ಇಡುವ ಆ ದಿಂಬು ಕಾಲನ್ನು ಸದಾ ತುಸು ಮಡಚಿಯೇ ಇರಿಸುತ್ತದೆ. ಒಳಗೆ ಗಾಯದ ಅಂಗಾಂಶ ಗಟ್ಟಿಯಾಗಿ ಕಾಲು ಪೂರ್ತಿ ನೇರವಾಗದಿದ್ದರೆ ಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ, ಕೆಲವರಲ್ಲಿ ಕೆಳಗಿನ ರಜ್ಜು ಕುಗ್ಗಿ ಚಿಪ್ಪು ತನ್ನ ಜಾಗದಿಂದ ಕೆಳಗಿಳಿಯುತ್ತದೆ. ಮಡಚಿದ ಬೈರಾಸನ್ನು (ಟವೆಲ್) ಹಿಮ್ಮಡಿಯ ಅಡಿಗಿಟ್ಟು ಮೊಣಕಾಲು ತಾನಾಗಿ ನೇರವಾಗಲು ಬಿಡಿ. ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ಬಳಿಕ, ತೊಡೆಯನ್ನು ಸಡಿಲಬಿಟ್ಟು, ಗಾಯವನ್ನು ಮುಟ್ಟದೆ, ಚಿಪ್ಪನ್ನು ಬೆರಳುಗಳಿಂದ ಹಿಡಿದು ಮೇಲೆ ಕೆಳಗೆ, ಅತ್ತಿತ್ತ ಮೆಲ್ಲನೆ ಸರಿಸಿ. ಬಾವು ಇರುವಷ್ಟು ದಿನ ತೊಡೆಯ ಮುಂಭಾಗದ ಸ್ನಾಯು ಸರಿಯಾಗಿ ಬಿಗಿಯುವುದಿಲ್ಲ. ಚಿಪ್ಪನ್ನು ಹಿಡಿದಿಡುವುದು ಅದೇ ಆದ್ದರಿಂದ, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ಬಾವು ಇಳಿಸಿ, ಆ ಸ್ನಾಯುವನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ದಿನಕ್ಕೆ ಹಲವು ಬಾರಿ ಮಾಡಿ.

ಗಾಯದ ಪಕ್ಕದ ಚರ್ಮ ಜೋಮು ಹಿಡಿದಂತಿದ್ದರೆ ಗಾಬರಿ ಬೇಡ, ಅಲ್ಲಿನ ಸಣ್ಣ ನರಕ್ಕೆ ಪೆಟ್ಟಾಗಿರುತ್ತದೆ. ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಬಾವು ಅಥವಾ ನೋವು ಕಂಡರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಿ.

ಕುಕ್ಕರುಗಾಲಿನಲ್ಲಿ ಕೂರುವುದನ್ನೂ ಮರ ಹತ್ತುವುದನ್ನೂ ವೈದ್ಯರು ಒಪ್ಪುವ ತನಕ ಮುಂದೂಡಿ. ಕಬಡ್ಡಿ ಅಂಕಣಕ್ಕೆ ಇಳಿಯಲು ಕನಿಷ್ಠ 9 ತಿಂಗಳಾದರೂ ಬೇಕು, ಆಗಲೂ ಆ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇಕಡಾ 90ರಷ್ಟನ್ನು ಮುಟ್ಟಿದೆಯೇ ಎಂದು ಅಳೆಸಿಕೊಂಡೇ ಇಳಿಯಿರಿ.