ನಾಲ್ಕು ಜಿಬಿಯ ಹಳೇ ಡಬ್ಬಿಯಲ್ಲಿ ನಾಲ್ಕನೇ ಘಾತದ ಜೋಡಿ ಹಿಡಿದದ್ದು

ಹತ್ತು ಲಕ್ಷದವರೆಗಿನ ಸಂಖ್ಯೆಗಳ ನಾಲ್ಕನೇ ಘಾತಗಳನ್ನು (ಒಂದು ಸಂಖ್ಯೆಯನ್ನು ನಾಲ್ಕು ಸಾರಿ ಬರೆದು ಗುಣಿಸಿದ್ದು) ಎರಡೆರಡಾಗಿ ಕೂಡಿಸಿ, ಬೇರೆ ಬೇರೆ ಜೋಡಿಗೆ ಒಂದೇ ಮೊತ್ತ ಬರುವುದನ್ನು ಹುಡುಕಬೇಕು ಅಂದಾಗ ನಕ್ಕವರೇ ಜಾಸ್ತಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರೊಬ್ಬರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಜೋಡಿಗಳೇ ಸುಮಾರು ಐವತ್ತು ಸಾವಿರ ಕೋಟಿ. ಒಂದೊಂದಕ್ಕೆ 16 ಬೈಟ್ ಹಿಡಿದರೂ ಎಂಟು ಟಿಬಿ, ಅಂದರೆ ಎಂಟು ಸಾವಿರ ಜಿಬಿ ಮೆಮೊರಿ ಬೇಕು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಇನ್ನೂ ನೇರವಾಗಿ ಹೇಳಿದ: 'ಮಾಮಾ, ಟ್ಯಾಲಿ ಓಡಿಸೋ ಯಂತ್ರದಲ್ಲಿ ಇದೆಲ್ಲಾ ಆಗಲ್ಲ, ಬಿಡು.' ಕೆಲಸ ಮುಗಿದಿದೆ. ಹಿಡಿದ ಮೆಮೊರಿ ಹೆಚ್ಚೆಂದರೆ ನಲವತ್ತು ಎಂಬಿ.

ನಾನು ಲೆಕ್ಕ ಬರೆಯುವವನು. ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ ಸಣ್ಣ ಆಫೀಸು. ಒಣದ್ರಾಕ್ಷಿ ವ್ಯಾಪಾರಿಗಳು, ಸಿಮೆಂಟ್ ಅಂಗಡಿಯವರು, ಒಂದಿಷ್ಟು ಕಂಟ್ರಾಕ್ಟರುಗಳು ಗಿರಾಕಿಗಳು. ಹಗಲು ಟ್ಯಾಲಿ, ಜಿಎಸ್‌ಟಿ. ಸಂಜೆ ಎಂಟರ ಮೇಲೆ ಯಂತ್ರಗಳು ಸುಮ್ನೆ ಕೂತಿರುತ್ತವೆ. ಆ ಖಾಲಿ ರಾತ್ರಿಗಳೇ ನನ್ನ ಬಂಡವಾಳ.

1729ರ ಟ್ಯಾಕ್ಸಿ ಕಥೆ ನಿಮಗೆಲ್ಲ ಗೊತ್ತು: ಗಣಿತಜ್ಞ ಹಾರ್ಡಿ ಬಂದ ಟ್ಯಾಕ್ಸಿಯ ನಂಬರು ಅದು, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಒಡೆಯುವ ಅತಿ ಚಿಕ್ಕ ಸಂಖ್ಯೆ ಎಂದು ರಾಮಾನುಜನ್ ಹೇಳಿದ್ದು. ಅದರ ಬಾಲವನ್ನು ಮಾತ್ರ ಯಾರೂ ಹೇಳುವುದಿಲ್ಲ. ಘನ ಆಯಿತು, ನಾಲ್ಕನೇ ಘಾತಕ್ಕೆ ಇಂಥದ್ದಿದೆಯಾ ಎಂದು ಹಾರ್ಡಿ ಅಲ್ಲೇ ಕೇಳಿದರು. ರಾಮಾನುಜನ್ ಸ್ವಲ್ಪ ಯೋಚಿಸಿ, ಥಟ್ಟನೆ ಯಾವುದೂ ಹೊಳೆಯುತ್ತಿಲ್ಲ, ಮೊದಲನೆಯದೇ ತುಂಬಾ ದೊಡ್ಡದಿರಬೇಕು ಎಂದರು. ದೊಡ್ಡದೇ ಹೌದು: 635318657. 59⁴ + 158⁴ ಕೂಡಿಸಿದರೂ ಅದೇ, 133⁴ + 134⁴ ಕೂಡಿಸಿದರೂ ಅದೇ. ಆಯ್ಲರ್ ಇದನ್ನು 18ನೇ ಶತಮಾನದಲ್ಲೇ ಹಿಡಿದಿದ್ದ. ಇದಕ್ಕಿಂತ ಚಿಕ್ಕದು ಇಲ್ಲ ಎಂದು ಜಾನ್ ಲೀಚ್ 1957ರಲ್ಲಿ ತೋರಿಸಿದರು. ಎರಡು ಘನಗಳ ಮೊತ್ತವಾಗಿ ಮೂರು ಬಗೆಯಲ್ಲಿ ಒಡೆಯುವ ಮೊದಲ ಸಂಖ್ಯೆ 87539319 ಅವರ ಕೈಗೆ ಸಿಕ್ಕಿದ್ದೂ ಅದೇ ವರ್ಷ.

ನಾನು ಶುರು ಮಾಡಿದ್ದು ಎಕ್ಸೆಲ್‌ನಲ್ಲಿ. ಲೆಕ್ಕದವನ ಕೈಗೆ ಬೇರೇನು ಸಿಗುತ್ತದೆ? ಒಂದು ಕಾಲಮ್ಮಿಗೆ 1048576 ಸಾಲು. ಹಾಗಾಗಿ 1,447ರವರೆಗಿನ ಜೋಡಿಗಳು ಒಂದೇ ಕಾಲಮ್ಮಿನಲ್ಲಿ ಕೂರುತ್ತವೆ. ಏರಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಸಾಲಿಗೆ ಸಮ ಬಂದರೆ ಬಣ್ಣ ಹಾಕು ಅಂದರೆ ಆಯಿತು. 635318657 ಬಂತು. ಅದರ ಹಿಂದೆಯೇ 3262811042 ಬಂತು: 7, 239 ಒಂದು ಕಡೆ, 157, 227 ಇನ್ನೊಂದು ಕಡೆ. ಆಮೇಲೆ 8657437697: 193, 292 ಮತ್ತು 256, 257. ಮೊದಲನೆಯದರಲ್ಲಿ 133, 134. ಇಲ್ಲಿ 256, 257. ಹೀಗೆ ಪಕ್ಕಪಕ್ಕದ ಸಂಖ್ಯೆಗಳು ಬಂದದ್ದು ನೋಡಿ ಒಂದು ವಾರ ಅದರ ಹಿಂದೆಯೇ ಬಿದ್ದೆ. ಏನೂ ಗಿಟ್ಟಲಿಲ್ಲ, ಮಜಾ ಮಾತ್ರ ಬಂತು.

ಹಲವು ಶೀಟುಗಳನ್ನು ಜೋಡಿಸಿ ಮೇಲೆ ಹೋದರೆ ಬೇರೆಯೇ ರಗಳೆ. ಹತ್ತು ಸಾವಿರ ಸಮೀಪಿಸುತ್ತಿದ್ದಂತೆ ಸುಳ್ಳು ಜೋಡಿಗಳು ಶುರು. ಇಪ್ಪತ್ತು ಸಾವಿರದ ಹತ್ತಿರವಂತೂ ಪರದೆ ತುಂಬಾ ಬಣ್ಣ. 20000⁴ + 1⁴ ಮತ್ತು 20000⁴ + 2⁴ ಎರಡೂ ಒಂದೇ ಎಂದು ಎಕ್ಸೆಲ್ ಹೇಳುತ್ತದೆ! ಹದಿನೈದು ಅಂಕಿಯ ಆಚೆ ಅದಕ್ಕೆ ಕಣ್ಣು ಕಾಣುವುದಿಲ್ಲ, ಚಿಲ್ಲರೆ ನುಂಗಿಬಿಡುತ್ತದೆ. ರೂಪಾಯಿ-ಪೈಸೆ ಲೆಕ್ಕಕ್ಕೆ ಇದು ಎಂದೂ ಅಡ್ಡ ಬಂದಿರಲಿಲ್ಲ.

ಮುಂದಿನದು ಪೈಥಾನ್, ಪ್ರೋಗ್ರಾಮ್ ಬರೆಯುವ ಒಂದು ಭಾಷೆ. ಅಲ್ಲಿ ಸಂಖ್ಯೆ ಎಷ್ಟು ದೊಡ್ಡದಾದರೂ ಚಿಲ್ಲರೆ ಹೋಗುವುದಿಲ್ಲ, ಆದರೆ ಮೆಮೊರಿ ಕುಡಿಯುತ್ತದೆ. ಎಲ್ಲಾ ಮೊತ್ತಗಳನ್ನು ಒಂದು ಡಿಕ್ಷನರಿಗೆ (ಮೆಮೊರಿಯಲ್ಲೇ ಇರುವ ಹುಡುಕುಪಟ್ಟಿ) ತುಂಬಿಸುವ ಸುಲಭದ ದಾರಿ ಹಿಡಿದರೆ ಹತ್ತು ಸಾವಿರ ಮುಟ್ಟುವ ಮೊದಲೇ ಯಂತ್ರ ಉಸಿರು ಬಿಟ್ಟಿತು. ಸರಿ, ಸಿ ಭಾಷೆಗೆ ಇಳಿದೆ. ದೊಡ್ಡ ಯಂತ್ರಕ್ಕೆ 16 ಜಿಬಿ ರ್ಯಾಮ್ ಹಾಕಿಸಿದೆ, ಮೂರೂವರೆ ಸಾವಿರ ಹೋಯಿತು ಅನ್ನಿಸುತ್ತದೆ. 55 ಸಾವಿರದವರೆಗೆ ಮೊತ್ತ 64 ಬಿಟ್ಟಿನಲ್ಲಿ, ಅಂದರೆ ಯಂತ್ರ ಒಂದೇ ಏಟಿಗೆ ಹಿಡಿಯುವ ಅಳತೆಯಲ್ಲಿ, ಕೂರುತ್ತದೆ. 12 ಜಿಬಿಯ ಸರಣಿ, ಒಂದು ಸಾರಿ ಜೋಡಣೆ, ಮುಗಿಯಿತು. ಖುಷಿಯಾದೆ. ಅದರಿಂದ ಒಂದು ಹೆಜ್ಜೆ ಮೇಲೆ ಹೋದರೆ 64 ಬಿಟ್ ಸಾಲದು. ಪ್ರತಿ ಮೊತ್ತಕ್ಕೂ ಎರಡರಷ್ಟು ಜಾಗ, ರ್ಯಾಮ್ ಖತಂ.

ಆಗ ಅಕ್ಕನ ಮಗನ ಮಾತು ಕೇಳಿ ಬಾಡಿಗೆ ಯಂತ್ರ ತೆಗೆದುಕೊಂಡೆ, ಅದೇ ಕ್ಲೌಡು. ವಾರಾಂತ್ಯ ಪೂರ್ತಿ ಓಡಿ ಒಂದು ಲಕ್ಷದವರೆಗೆ ಮುಗಿಸಿಕೊಟ್ಟಿತು. ಬಿಲ್ಲು ಎರಡೂವರೆ ಸಾವಿರದ ಆಜುಬಾಜು. ಹತ್ತು ಲಕ್ಷಕ್ಕೆ ಇದರ ನೂರು ಪಟ್ಟು ಜೋಡಿ. ನಾನು ಬ್ಯಾಲೆನ್ಸ್ ಶೀಟ್ ಓದಿ ಹೊಟ್ಟೆ ಹೊರೆಯುವವನು, ಆ ದಾರಿ ಅಲ್ಲಿಗೇ ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಹೀಪ್, ಅಂದರೆ ಎಲ್ಲಕ್ಕಿಂತ ಸಣ್ಣದು ಯಾವಾಗಲೂ ಮೇಲೆಯೇ ಇರುವಂತೆ ಜೋಡಿಸಿಟ್ಟ ಪಟ್ಟಿ. ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್ 2001ರಲ್ಲೇ ಬರೆದಿಟ್ಟ ವಿಧಾನ. ಹತ್ತು ಅಂಗಡಿಗಳ ರೋಜನಾಮೆಗಳನ್ನು ತಾರೀಖಿನ ಪ್ರಕಾರ ಒಂದೇ ಖಾತೆಗೆ ಇಳಿಸುವ ಕೆಲಸ ನಾನು ದಿನಾ ಮಾಡುತ್ತೇನೆ. ಹತ್ತೂ ಪುಸ್ತಕಗಳನ್ನು ಪೂರ್ತಿ ಬಾಯಿಪಾಠ ಮಾಡಬೇಕಿಲ್ಲ, ಪ್ರತಿ ಪುಸ್ತಕದ ಈಗಿನ ಸಾಲಿನ ಮೇಲೆ ಬೆರಳಿದ್ದರೆ ಸಾಕು. ಇಲ್ಲೂ ಅಷ್ಟೇ. ಪ್ರತಿ ದೊಡ್ಡ ಸಂಖ್ಯೆಗೆ ಅದರ ಜೊತೆಯ ಚಿಕ್ಕದು ಒಂದೇ ಒಂದು ಹೀಪಿನಲ್ಲಿ ಇರುತ್ತದೆ. ಎಲ್ಲಕ್ಕಿಂತ ಸಣ್ಣ ಮೊತ್ತ ಹೊರಗೆ ತೆಗೆ, ಹಿಂದಿನದಕ್ಕೆ ಸಮವಾ ನೋಡು, ಚಿಕ್ಕದನ್ನು ಒಂದು ಏರಿಸಿ ಮತ್ತೆ ಒಳಗೆ ಹಾಕು. ಸಮ ಇರುವವು ಬೆನ್ನುಬೆನ್ನಿಗೆ ಹೊರಬರುತ್ತವೆ. ಹತ್ತು ಲಕ್ಷಕ್ಕೆ ಹೀಪಿನಲ್ಲಿ ಹತ್ತೇ ಲಕ್ಷ ಸಾಲು.

ಮೊದಲು ಘನಗಳ ಮೇಲೆ ಪರೀಕ್ಷೆ ಮಾಡಿದೆ. 1729, 4104, 13832, 20683 ಸಾಲಾಗಿ ಬಂದವು. ನಾಲ್ಕು ಬಗೆಯದಾದ 6963472309248 ಎಂಬ ದೈತ್ಯವೂ ಚಹಾ ಕುಡಿದು ಬರುವಷ್ಟರಲ್ಲಿ ಪರದೆ ಮೇಲಿತ್ತು. ಅದೂ ಮೂಲೆಗೆ ತಳ್ಳಿದ್ದ ನಾಲ್ಕು ಜಿಬಿಯ ಹಳೇ ಡಬ್ಬಿಯಲ್ಲಿ, ಪೈಥಾನಿನಲ್ಲೇ. ಆ ಸಂಜೆ ಗೆಳೆಯರಿಗೆ ಫೋನು ಮಾಡಿ ಸ್ವಲ್ಪ ಜಾಸ್ತಿಯೇ ಮಾತಾಡಿದೆ.

ನಾಲ್ಕನೇ ಘಾತಕ್ಕೆ ಒಂದು ಜರಡಿಯೂ ಹಾಕಿದೆ. ಯಾವುದೇ ನಾಲ್ಕನೇ ಘಾತವನ್ನು 16ರಿಂದ ಭಾಗಿಸಿ: ಸಮ ಸಂಖ್ಯೆಯದಾದರೆ ಶೇಷ 0, ಬೆಸದ್ದಾದರೆ 1. 5ರಿಂದ ಭಾಗಿಸಿದರೂ ಹಾಗೆಯೇ, 5ರ ಗುಣಕವಾದರೆ 0, ಉಳಿದದ್ದಕ್ಕೆ 1. ಅಂದರೆ ಎರಡೂ ಕಡೆ ಬೆಸ ಸಂಖ್ಯೆಗಳು ಅಷ್ಟಷ್ಟೇ ಇರಬೇಕು, 5ರ ಗುಣಕಗಳೂ ಅಷ್ಟಷ್ಟೇ. 59, 158ರಲ್ಲಿ ಒಂದು ಬೆಸ, 133, 134ರಲ್ಲೂ ಒಂದೇ ಬೆಸ. 7, 239 ಎರಡೂ ಬೆಸ, ಹಾಗಾಗಿ 157, 227 ಎರಡೂ ಬೆಸ. ಎರಡೂ ಸಮವಾದ ಜೋಡಿಯಲ್ಲಿ ಹೊಸದೇನೂ ಸಿಗದು, ಅದು ಚಿಕ್ಕದರ ದುಪ್ಪಟ್ಟು ಅಷ್ಟೇ, ಬಿಸಾಕಬಹುದು. ಎರಡೂ 5ರ ಗುಣಕವಾದರೂ ಬಿಸಾಕಬಹುದು. ಹೀಗೆ ಕಾಲು ಭಾಗಕ್ಕಿಂತ ಜಾಸ್ತಿ ಕೆಲಸ ಉಳಿಯಿತು. ಉಳಿದದ್ದು ನಾಲ್ಕು ಬೇರೆ ಬೇರೆ ಪೆಟ್ಟಿಗೆ ಆಯಿತು, ಒಂದಕ್ಕೊಂದು ಸಂಬಂಧ ಇಲ್ಲ, ಬೇಕಾದ ಯಂತ್ರದಲ್ಲಿ ಓಡಿಸಬಹುದು. ಇದರ ಮೇಲೆ ಇನ್ನೊಂದು ಸಂಖ್ಯೆಯಿಂದಲೂ ಜಾಲಿಸುತ್ತೇನೆ. ಯಾವುದು ಅಂತ ಹೇಳಲ್ಲ. 128 ಬಿಟ್ ಇಲ್ಲದೆ 64ರಲ್ಲೇ ಹೋಲಿಕೆ ಮುಗಿಸುವ ದಾರಿಯೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೂತು ಯೋಚಿಸಿದರೆ ನಿಮಗೂ ಹೊಳೆಯುತ್ತದೆ.

ನಿಜವಾದ ವೈರಿ ಕರೆಂಟು. ಯುಪಿಎಸ್ ಬ್ಯಾಟರಿಗೆ ಐದಾರು ಸಾವಿರ ಸುರಿದರೂ ಅರ್ಧ ಗಂಟೆ ಮೇಲೆ ನಿಲ್ಲುತ್ತಿರಲಿಲ್ಲ. ಮೊದಮೊದಲು ಹೀಪನ್ನೇ ಪೂರ್ತಿ ಡಿಸ್ಕಿಗೆ ಬರೆಯುತ್ತಿದ್ದೆ. ಬರೆಯುವಾಗಲೇ ಕರೆಂಟು ಹೋದರೆ ಆ ಫೈಲೂ ಹಾಳು. ಆಮೇಲೆ ಹೊಳೆಯಿತು: ಕೊನೆಗೆ ಹೊರಬಂದ ಮೊತ್ತ ಒಂದನ್ನೇ ಬರೆದಿಟ್ಟರೆ ಸಾಕು. ಪ್ರತಿ ದೊಡ್ಡ ಸಂಖ್ಯೆಗೆ, ಆ ಮೊತ್ತ ದಾಟಿಸುವ ಅತಿ ಚಿಕ್ಕ ಜೊತೆಗಾರ ಯಾರು ಎಂದು ಲೆಕ್ಕ ಹಾಕಿದರೆ ಹೀಪು ಮತ್ತೆ ಎದ್ದು ಕೂರುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಇಡೀ ರಾತ್ರಿಯ ದುಡಿಮೆ ಇಪ್ಪತ್ತೈದು ಅಂಕಿಯ ಒಂದು ಸಾಲಿನಲ್ಲಿ! ಇದನ್ನು ಮಾತ್ರ ಬಚ್ಚಿಡದೆ ಹೇಳುತ್ತಿದ್ದೇನೆ, ನಮ್ಮ ಕಡೆಯವರಿಗೆ ಇದು ಬೇಕೇ ಬೇಕು.

ಎರಡನೇ ವೈರಿ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟುವುದು ಸಾಮಾನ್ಯ. ರಾತ್ರಿ ಹನ್ನೊಂದಕ್ಕೂ ಆಫೀಸಿನ ಗೋಡೆ ಬಿಸಿ. ಒಂದು ರಾತ್ರಿ ಹೀಪಿನಿಂದ ಹಿಂದಿನದಕ್ಕಿಂತ ಸಣ್ಣ ಮೊತ್ತ ಹೊರಬಂತು. ಇದು ಆಗಲೇಬಾರದು. ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ ತಲೆ ಕೆಟ್ಟಿತು. ತಪ್ಪಿದ್ದದ್ದು ರ್ಯಾಮ್ ಕಡ್ಡಿಯಲ್ಲಿ, ಬಿಸಿಗೆ ಎಲ್ಲೋ ಒಂದು ಬಿಟ್ 0 ಇದ್ದದ್ದು 1 ಆಗಿ ಪಲ್ಟಿ ಹೊಡೆಯುತ್ತಿತ್ತು. ಕಡ್ಡಿ ಬದಲಿಸಿ ಟೇಬಲ್ ಫ್ಯಾನ್ ತಿರುಗಿಸಿಟ್ಟೆ, ಸರಿಹೋಯಿತು. ಅಂದಿನಿಂದ ಎರಡು ಕಾವಲು ಇಟ್ಟಿದ್ದೇನೆ. ಒಂದು, ಮೊತ್ತ ಇಳಿದರೆ ಯಂತ್ರ ಅಲ್ಲೇ ನಿಲ್ಲಬೇಕು. ಎರಡು, ಗೊತ್ತಿರುವ ಉತ್ತರದ ಗುಣಕಗಳು ಬರಲೇಬೇಕು. 59, 158, 133, 134 ಎಲ್ಲವನ್ನೂ 3ರಿಂದ ಗುಣಿಸಿದರೆ 177, 474, 399, 402. ಮೊತ್ತ 81 ಪಟ್ಟಾಗಿ 51460811217. ಇದು ಬರದಿದ್ದರೆ ಆ ಓಟ ಪೂರ್ತಿ ರದ್ದು. 7, 9, 11ರ ಪಟ್ಟುಗಳೂ ಹೀಗೇ. ಲೆಕ್ಕದಲ್ಲಿ ತಾಳೆ ನೋಡುವ ಚಟ ನನಗೆ ಮೊದಲಿನಿಂದಲೂ ಇದೆ.

ಹತ್ತು ಲಕ್ಷದ ಓಟ ಎಡೆಬಿಡದೆ ನಡೆದಿದ್ದರೆ ಎರಡು-ಮೂರು ದಿನದ ಕೆಲಸ. ರಾತ್ರಿ ಮಾತ್ರ ಓಡಿಸಿ, ರಿಟರ್ನ್ ತುಂಬುವ ದಿನ ಬಿಟ್ಟು, ಕರೆಂಟಿನ ಕಾಟ ಸೇರಿಸಿ ಎರಡು-ಮೂರು ವಾರ ಹಿಡಿಯಿತು. ರಾತ್ರಿಗೆ ಒಂದು ಯೂನಿಟ್ಟು, ಎಂಟ್ಹತ್ತು ರೂಪಾಯಿ. ರ್ಯಾಮ್, ಬಾಡಿಗೆ ಯಂತ್ರ, ಬ್ಯಾಟರಿ ಎಲ್ಲಾ ಸೇರಿ ನನ್ನ ಖರ್ಚು ಹನ್ನೆರಡು ಸಾವಿರ ಇರಬೇಕು. ಅದರಲ್ಲಿ ಗೆದ್ದ ವಿಧಾನಕ್ಕೆ ಬೇಕಾಗಿದ್ದದ್ದು ಬ್ಯಾಟರಿ ಮತ್ತು ಫ್ಯಾನು ಮಾತ್ರ. ಮನೆಯಲ್ಲಿ ಹೇಳಿದ್ದು ಇದರ ಅರ್ಧ.

ಫಲ? 68899596497 ನನಗೆ ಅಚ್ಚುಮೆಚ್ಚು: 271, 502 ಒಂದು ಕಡೆ, 298, 497 ಇನ್ನೊಂದು ಕಡೆ. ನನಗೆ ಬೇಕಾಗಿದ್ದದ್ದು ಮೂರು ಬಗೆಯಲ್ಲಿ ಎರಡು ನಾಲ್ಕನೇ ಘಾತಗಳಾಗಿ ಒಡೆಯುವ ಸಂಖ್ಯೆ. ಸಿಗಲಿಲ್ಲ. ಜಗತ್ತಿನಲ್ಲಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ, ಇಲ್ಲ ಎಂದು ಸಾಧಿಸಿದವರೂ ಇಲ್ಲ. ಐದನೇ ಘಾತಕ್ಕಂತೂ ಎರಡು ಬಗೆಯದೇ ಒಂದೂ ಗೊತ್ತಿಲ್ಲ. ಕೆಲವು ರಾತ್ರಿ ಅದಕ್ಕೂ ಕೊಟ್ಟೆ. ಬೆಳಿಗ್ಗೆ ಬಂದು ನೋಡಿದರೆ ಖಾಲಿ ಫೈಲು.

ಎರಡರ ಬದಲು ಮೂರು ಮೂರು ಸೇರಿಸಿದರೆ ಐದನೇ ಘಾತವೂ ಬಗ್ಗುತ್ತದೆ. 24, 28, 67 ಒಂದು ಕಡೆ, 3, 54, 62 ಇನ್ನೊಂದು ಕಡೆ, ಮೊತ್ತ 1375298099. ಆರನೇ ಘಾತದ್ದು ಇನ್ನೂ ಚೆಂದ. ಕೆ. ಸುಬ್ಬರಾವ್ 1934ರಲ್ಲಿ ಕೊಟ್ಟದ್ದು: 3⁶ + 19⁶ + 22⁶ = 10⁶ + 15⁶ + 23⁶ = 160426514. ಇದನ್ನು ಕೈಯಲ್ಲೇ ತಾಳೆ ನೋಡಿದೆ. ಹಾಗೆ ನೋಡುವಾಗ ಸುಮ್ನೆ ವರ್ಗಗಳನ್ನೂ ಕೂಡಿಸಿದೆ. 9 + 361 + 484 ಆದರೆ 854. 100 + 225 + 529 ಆದರೂ 854! ಆರನೆಯದೂ ಸಮ, ಎರಡನೆಯದೂ ಸಮ. ಜರಡಿಯೂ ಇಲ್ಲಿ ಕಣ್ಣಿಗೆ ಕಾಣುತ್ತದೆ: ಎರಡೂ ಕಡೆ ಒಂದೊಂದೇ ಸಮಸಂಖ್ಯೆ, 22 ಮತ್ತು 10. 3ರ ಗುಣಕವೂ ಎರಡೂ ಕಡೆ ಒಂದೊಂದೇ, 3 ಮತ್ತು 15. 7ರ ಗುಣಕ ಎಲ್ಲೂ ಇಲ್ಲ.

ಈಗ ಹಳೇ ಡಬ್ಬಿಯಲ್ಲಿ ಆರನೇ ಘಾತದ ಮೂರು-ಮೂರು ಓಡುತ್ತಿದೆ. ಮೂರರ ಕೂಡಿಕೆಗೆ ಹೀಪು ಬೇಗ ದಪ್ಪಗಾಗುತ್ತದೆ. ಸಾವಿರದವರೆಗಿನ ಸಂಖ್ಯೆಗಳಿಗೆ ಹದಿನಾರು-ಹದಿನೇಳು ಕೋಟಿ ತ್ರಿವಳಿ, ಅದು ಪರವಾಗಿಲ್ಲ. ಹತ್ತು ಸಾವಿರ ಅಂದರೆ ಅದರ ಸಾವಿರ ಪಟ್ಟು. ಹಾಗಾಗಿ 7, 8, 9 ಮೂರರ ಶೇಷದಿಂದಲೂ ಪೆಟ್ಟಿಗೆ ಮಾಡಿ, ಒಂದು ರಾತ್ರಿಗೆ ಒಂದು ಪೆಟ್ಟಿಗೆ ಹಾಕುತ್ತಿದ್ದೇನೆ. ಮಾರ್ಚ್ ಬರುವ ಮೊದಲು ಎರಡು ಸಾವಿರ ದಾಟಿಸಬೇಕು. ಆಮೇಲೆ ಯಂತ್ರ ರಾತ್ರಿಯೂ ಟ್ಯಾಲಿಗೇ ಬೇಕು.