ಮೊದಲು ಕಿವಿ, ಆಮೇಲೆ ಅಕ್ಷರ: ಪುಟ್ಟ ಮಕ್ಕಳ ಓದಿಗೆ ಮನೆಯಲ್ಲೇ ತಯಾರಿ

ಮೂರು ತುಂಬಿದ ಕೂಡಲೇ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಅ ಆ ಇ ಈ ತಿದ್ದಿಸುವ ಮನೆಗಳು ಮಂಗಳೂರಿನಲ್ಲೂ ಉಡುಪಿಯಲ್ಲೂ ಬೇಕಾದಷ್ಟಿವೆ. ಅಷ್ಟು ಅವಸರ ಬೇಡ. ಓದು ಶುರುವಾಗುವುದು ಕಿವಿಯಿಂದ. ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ ಕೇಳಲು ಬಂದರೆ ಅಕ್ಷರ ಬೇಗ ತಲೆಗೆ ಹತ್ತುತ್ತದೆ. ಮೂರರಿಂದ ಐದು ವರ್ಷದ ಮಕ್ಕಳ ಜೊತೆ ಇದನ್ನು ಮಾಡಲು ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು.

ಮನೆಮಾತು ಬಿಡಬೇಡಿ

ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ನಿಮ್ಮದು ಯಾವುದೇ ಇರಲಿ, ಮಗುವಿನ ಜೊತೆ ಅದರಲ್ಲೇ ಧಾರಾಳವಾಗಿ ಮಾತಾಡಿ. ನಾಳೆ ಶಾಲೆಗೆ ಹೋಗಬೇಕಲ್ವಾ ಅಂತ ಅಜ್ಜಿಯ ತುಳು ನಿಲ್ಲಿಸಿ, ತುಂಡು ತುಂಡು ಇಂಗ್ಲಿಷಿಗೆ ಇಳಿದರೆ ಮಗುವಿಗೆ ನಷ್ಟವೇ ಜಾಸ್ತಿ. ಯಾಕೆ, ಏನು, ಹೇಗೆ ಅಂತ ಬಿಡಿಸಿ ಹೇಳಲು ದೊಡ್ಡವರಿಗೆ ಸಲೀಸಾಗಿ ಬರುವ ಭಾಷೆಯೇ ಬೇಕು. ಅಲ್ಲಿ ಕಲಿತ ಸದ್ದಿನ ಗುರುತು, ಕಥೆಯ ಓಟ ಇನ್ನೊಂದು ಭಾಷೆಯ ಓದಿಗೂ ಒದಗುತ್ತದೆ.

ನಮ್ಮ ಕರಾವಳಿಗೆ ಇನ್ನೊಂದು ಅನುಕೂಲವಿದೆ. ಇಲ್ಲಿ ತುಳು, ಬ್ಯಾರಿ, ಕೊಂಕಣಿಗಳನ್ನು ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲೇ. ಬ, ಲ ಗೊತ್ತಾದ ತುಳು ಮನೆಯ ಮಗುವಿಗೆ ‘ಬಲ’ (ತುಳುವಿನಲ್ಲಿ ‘ಬಾ’) ಅಂತ ಬರೆದು ತೋರಿಸಿ. ದಿನಾ ಅಮ್ಮ ಕರೆಯುವ ಮಾತೇ ಕಾಗದದ ಮೇಲಿದೆ ಅಂತ ಗೊತ್ತಾದರೆ ಮಗುವಿಗೆ ಎಷ್ಟು ಖುಷಿ!

ಚಪ್ಪಾಳೆ ತಟ್ಟಿ ಒಡೆಯಿರಿ

ಬಸ್ಸಿಗೆ ಕಾಯುವಾಗ ಸುಮ್ನೆ ನಿಲ್ಲಬೇಡಿ. ಊರಿನ ಹೆಸರು ಹೇಳಿ ಚಪ್ಪಾಳೆ ತಟ್ಟಿ. ಕಾ-ಪು ಎರಡು, ಉ-ಡು-ಪಿ ಮೂರು, ಮಂ-ಗ-ಳೂ-ರು ನಾಲ್ಕು. ಮಲ್ಪೆಯನ್ನು ಕೆಲವು ಮಕ್ಕಳು ‘ಮಲ್-ಪೆ’ ಅಂತಲೂ ಕೆಲವರು ‘ಮ-ಲ್ಪೆ’ ಅಂತಲೂ ಒಡೆಯುತ್ತಾರೆ. ಎರಡೂ ಸರಿ, ತಿದ್ದಲು ಹೋಗಬೇಡಿ.

ಈ ಆಟ ರೂಢಿಯಾದ ಮೇಲೆ ಸ್ವಲ್ಪ ಕಷ್ಟದ್ದು. ‘ಬ’ದಿಂದ ಶುರುವಾಗುವ ತಿಂಡಿ ಯಾವುದು? ಬನ್ಸ್. ನೀರುದೋಸೆಯಿಂದ ನೀರು ತೆಗೆದರೆ? ಗೋಳಿಬಜೆಯಿಂದ ಗೋಳಿ ತೆಗೆದರೆ? ಇಲ್ಲಿ ಮಗು ಪದವನ್ನು ಮನಸ್ಸಿನಲ್ಲೇ ಹಿಡಿದು, ಒಂದು ಭಾಗ ಬಿಟ್ಟು, ಉಳಿದದ್ದನ್ನು ಹೇಳಬೇಕು. ಓದುವಾಗ ಬೇಕಾಗುವ ಕಸರತ್ತು ಇದೇ.

ಕರೆದರೆ ತಿರುಗದ, ನಾಲ್ಕು ದಾಟಿದರೂ ಹೊರಗಿನವರಿಗೆ ಮಾತು ಅರ್ಥವಾಗದ ಮಗುವಿದ್ದರೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ಶೀತವಾಗುವ ಮಕ್ಕಳಿಗೆ ಕಿವಿಯೊಳಗೆ ನೀರು ನಿಂತು ಕೇಳಿಸುವುದು ಮಂದವಾಗುವುದುಂಟು.

ಓದಿ ಹೇಳಿ, ಕಾಯಿರಿ

ರಾತ್ರಿ ಮಲಗುವ ಮುಂಚೆ ಒಂದು ಚಿತ್ರಪುಸ್ತಕ. ಪುಟ ತಿರುಗಿಸುವ ಕೆಲಸ ಮಗುವಿನದು. ಸಾಲಿನ ಕೆಳಗೆ ನಿಮ್ಮ ಬೆರಳು ಓಡುತ್ತಿರಲಿ. ‘ಈಗ ಏನಾಗಬಹುದು?’ ಅಂತ ಕೇಳಿ, ಉತ್ತರಕ್ಕೆ ಕಾಯಿರಿ. ಮಗು ‘ದೋಣಿ ಹೋಯ್ತು’ ಅಂದರೆ ‘ಹೌದು, ಮೀನು ಹಿಡಿಯಲು ದೋಣಿ ಕಡಲಿಗೆ ಹೋಯ್ತು’ ಅಂತ ಉದ್ದ ಮಾಡಿ. ಮೊಬೈಲಿನ ವಿಡಿಯೋ ಹೀಗೆ ಮಗುವಿನ ಮಾತಿಗೆ ಮಾತು ಸೇರಿಸುವುದಿಲ್ಲ. ಅದೇ ಪುಸ್ತಕ ಮತ್ತೆ ಬೇಕು ಅಂತ ಹಟ ಹಿಡಿದರೆ ಅದನ್ನೇ ಓದಿ. ಮನೆಯಲ್ಲಿ ಪುಸ್ತಕ ಕಮ್ಮಿಯಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ.

ಅಕ್ಷರಕ್ಕೆ ಈಗ ಸಮಯ

ಮೊದಲು ಮಗುವಿನ ಹೆಸರಿನ ಅಕ್ಷರಗಳು. ಆಮೇಲೆ? ವರ್ಣಮಾಲೆಯ ಸಾಲು ಹಿಡಿದು ಹೊರಟರೆ ಏಳನೆಯದಾಗಿ ಋ ಬರುತ್ತದೆ, ಋಷಿ ಬಿಟ್ಟರೆ ಮಗುವಿಗೆ ಗೊತ್ತಿರುವ ಪದ ಸಿಗುವುದು ಕಷ್ಟ. ಙ, ಞಗಳಂತೂ ಮಗುವಿಗೆ ಸದ್ಯಕ್ಕೆ ಬೇಕಾಗುವುದೇ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯ ದಾರಿ ನನಗೆ ಹೆಚ್ಚು ಇಷ್ಟ. ಅಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ರಟ್ಟಿನ ಚೂರುಗಳಲ್ಲಿ ಒಂದೊಂದು ಅಕ್ಷರ ಬರೆದು ಜೋಡಿಸಲು ಬಿಡಿ. ಬಸ್ಸಿನ ಬೋರ್ಡು, ಅಂಗಡಿಯ ಫಲಕಗಳಲ್ಲೂ ಅವನ್ನು ಹುಡುಕಲಿ.

ಬರವಣಿಗೆ ಕೊನೆಗೆ. ಪೆನ್ಸಿಲ್‌ಗೆ ಮೊದಲು ಬೆರಳು ಗಟ್ಟಿಯಾಗಬೇಕು. ಅಲಸಂಡೆ ಮುರಿಯುವುದು, ಬೆಳ್ಳುಳ್ಳಿ ಸುಲಿಯುವುದು, ಚಪಾತಿ ಹಿಟ್ಟು ಉಂಡೆ ಮಾಡುವುದು, ಎಲ್ಲ ಒಳ್ಳೆಯ ಕೆಲಸವೇ. ವಿಜಯದಶಮಿಗೆ ಅಕ್ಕಿಯ ಮೇಲೆ ಬರೆಸುತ್ತೇವಲ್ಲ, ಅದನ್ನೇ ವರ್ಷವಿಡೀ ಮಾಡಿ: ತಟ್ಟೆಯಲ್ಲಿ ತೆಳುವಾಗಿ ಅಕ್ಕಿ ಹರಡಿ, ಬೆರಳಲ್ಲಿ ಬರೆಯಲಿ, ಅಲ್ಲಾಡಿಸಿ ಅಳಿಸಲಿ. ಆಮೇಲೆ ಸ್ಲೇಟು. ಅಕ್ಷರ ಉಲ್ಟಾ ಬಂದರೆ ಗದರಬೇಡಿ, ಈ ವಯಸ್ಸಿನಲ್ಲಿ ಅದು ಸಹಜ. ಪಕ್ಕದಲ್ಲಿ ನೀವೇ ಸರಿಯಾಗಿ ಬರೆದು, ಬರೆಯುತ್ತಾ ಬಾಯಲ್ಲೂ ಹೇಳಿ. ಕಾಗುಣಿತ, ಒತ್ತಕ್ಷರಗಳನ್ನು ಶಾಲೆಗೆ ಬಿಡಿ. ಅವು ಪೂರ್ತಿ ಕೈವಶವಾಗಲು ಒಂದನೇ ತರಗತಿ ದಾಟಿಯೂ ಸಮಯ ಬೇಕು.