ಪೈಥಾನ್ ಎರರ್ ಕೊಟ್ಟರೆ ಏನು ಮಾಡಬೇಕು?

ವಯಸ್ಸು ಕೇಳುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಿದ್ದೀರಿ ಅಂದುಕೊಳ್ಳಿ. ಯಾರೋ ‘25’ ಎಂದು ಟೈಪ್ ಮಾಡಿದರೆ ಪೈಥಾನ್‌ನ ‘ಇಂಟ್’ ಎಂಬ ಫಂಕ್ಷನ್ ಅದನ್ನು ಸಂಖ್ಯೆಯಾಗಿ ಬದಲಿಸುತ್ತದೆ. ಕನ್ನಡ ಅಂಕಿಯಲ್ಲಿ ‘೨೫’ ಎಂದು ಕೊಟ್ಟರೂ ಪೈಥಾನ್ 3 ಸಲೀಸಾಗಿ ಓದುತ್ತದೆ, ಖುಷಿಯ ವಿಷಯ ಅಲ್ವಾ? ಆದರೆ ‘ಇಪ್ಪತ್ತೈದು’ ಎಂದು ಬರೆದರೆ ಪ್ರೋಗ್ರಾಂ ಅಲ್ಲೇ ನಿಂತು, ಪರದೆಯ ಮೇಲೆ ಒಂದಷ್ಟು ಸಾಲು ಬರುತ್ತವೆ.

ಗಾಬರಿಯಾಗದೆ ಆ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ಎರರ್ ಹೆಸರಿರುತ್ತದೆ. ಇಲ್ಲಿ ಅದು ‘ವ್ಯಾಲ್ಯೂಎರರ್’. ಅದರ ಮೇಲೆ ಫೈಲಿನ ಹೆಸರು, ಸಾಲಿನ ನಂಬರ್.

ಈಗ ಎಡವಿದ ಆ ಸಾಲನ್ನು ‘ಟ್ರೈ’ ಒಳಗೆ, ಅಂದರೆ ಎರರ್ ಬರಬಹುದಾದ ಕೋಡ್ ಇಡುವ ಭಾಗದೊಳಗೆ ಇಡಿ. ಇಡೀ ಪ್ರೋಗ್ರಾಂ ತುರುಕಬೇಡಿ. ಕೆಳಗೆ, ಆ ಎರರ್ ಬಂದಾಗ ಮಾತ್ರ ನಡೆಯುವ ‘ಎಕ್ಸೆಪ್ಟ್ ವ್ಯಾಲ್ಯೂಎರರ್’ ಬರೆದು, ‘ವಯಸ್ಸನ್ನು ಅಂಕಿಯಲ್ಲಿ ಬರೆಯಿರಿ’ ಎಂದು ಹೇಳಿಸಿ. ಮತ್ತೆ ಮತ್ತೆ ಕೇಳಬೇಕಾದರೆ ಎಲ್ಲವನ್ನೂ ‘ವೈಲ್’ ಲೂಪಿಗೆ ಹಾಕಿ, ಸರಿಯಾದ ಉತ್ತರ ಬಂದಾಗ ಲೂಪಿನಿಂದ ಹೊರಬರಲು ‘ಬ್ರೇಕ್’ ಕೊಡಿ. ಯಾರಾದರೂ ‘-5’ ಎಂದರೆ? ಪೈಥಾನ್‌ಗೆ ಅದೂ ಸರಿಯಾದ ಸಂಖ್ಯೆಯೇ. ಹಾಗಾಗಿ ‘ಟ್ರೈ’ ಒಳಗೇ ಪರೀಕ್ಷೆ ಮಾಡಿ, ‘ರೈಸ್ ವ್ಯಾಲ್ಯೂಎರರ್’ ಎಂದು ನೀವೇ ಎರರ್ ಎಬ್ಬಿಸಿ.

ಎರರ್ ಹೆಸರೇ ಇಲ್ಲದ ‘ಎಕ್ಸೆಪ್ಟ್’, ಅದರ ಕೆಳಗೆ ಸುಮ್ನೆ ಒಂದು ‘ಪಾಸ್’ (ಅಂದರೆ ಏನೂ ಮಾಡಬೇಡ). ದಯವಿಟ್ಟು ಹೀಗೆ ಮಾತ್ರ ಬರೆಯಬೇಡಿ. ವೇರಿಯಬಲ್ ಹೆಸರು ತಪ್ಪಾಗಿ ಟೈಪ್ ಆಗಿದ್ದರೂ ಆ ಎರರನ್ನು ಈ ‘ಎಕ್ಸೆಪ್ಟ್’ ಸದ್ದಿಲ್ಲದೆ ನುಂಗಿಬಿಡುತ್ತದೆ. ಲೂಪ್ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದರೂ ಕೆಲಸ ಮಾಡದೇ ಹೋಗಬಹುದು, ಏಕೆಂದರೆ ಅದೂ ‘ಕೀಬೋರ್ಡ್‌ಇಂಟರಪ್ಟ್’ ಎಂಬ ಎಕ್ಸೆಪ್ಷನ್ನೇ (ಪ್ರೋಗ್ರಾಂ ನಡೆಯುವಾಗ ಏಳುವ ಇಂಥ ಅಡಚಣೆಗಳ ಹೆಸರೇ ಎಕ್ಸೆಪ್ಷನ್).

ಎರರ್ ಹಿಡಿದ ಮೇಲೆ ಏನು ಮಾಡಬೇಕು ಎನ್ನುವುದೇ ನಿಜವಾದ ಪ್ರಶ್ನೆ. 1996ರ ಜೂನ್ 4ರಂದು ಯುರೋಪಿನ ಅರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಛಿದ್ರವಾಯಿತು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸುವಾಗ ಅದು 32,767ರ ಮಿತಿ ದಾಟಿತ್ತು. ದಿಕ್ಕು ತಿಳಿಸುವ ಕಂಪ್ಯೂಟರ್ ತಪ್ಪನ್ನು ಗುರುತಿಸಿತು. ಆದರೆ ಎಕ್ಸೆಪ್ಷನ್ ಬಂದರೆ ಕೆಲಸ ನಿಲ್ಲಿಸು ಎಂದು ಅದಕ್ಕೆ ಮೊದಲೇ ಹೇಳಿಟ್ಟಿದ್ದರು. ಜೊತೆಗಿದ್ದ ಬದಲಿ ಕಂಪ್ಯೂಟರಿನಲ್ಲೂ ಅದೇ ಸಾಫ್ಟ್‌ವೇರ್. ಅದೂ ನಿಂತಿತು.

ಫೈಲ್ ತೆರೆಯುವಾಗ ‘ವಿತ್’ ಬಳಸಿ, ನಡುವೆ ಎರರ್ ಬಂದರೂ ಫೈಲ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಉಳಿದ ಶುಚಿ ಕೆಲಸಕ್ಕೆ, ಎರರ್ ಬಂದರೂ ಬರದಿದ್ದರೂ ನಡೆಯುವ ‘ಫೈನಲಿ’ ಇದೆ. ಏನು ಮಾಡಬೇಕೆಂದು ನಿಮಗೇ ತಿಳಿಯದ ಎರರ್ ಆಗಿದ್ದರೆ ‘ಲಾಗಿಂಗ್.ಎಕ್ಸೆಪ್ಷನ್’ ಮೂಲಕ ಪೂರ್ತಿ ವಿವರ ಬರೆದಿಟ್ಟು, ಕೆಳಗೆ ಬರೀ ‘ರೈಸ್’ ಹಾಕಿ ಆ ಎರರನ್ನು ಮೇಲಕ್ಕೆ, ಅಂದರೆ ಈ ಕೋಡನ್ನು ಕರೆದ ಭಾಗಕ್ಕೆ ಕಳಿಸಿ.